ಕಾರ್ಬನ್ ಪ್ರತಿ

ಉಭಯಕರರ ಡೈರಿಗಳು ಒಟ್ಟು ಮೂವತ್ತೊಂದು.
ಗಾಮ್‌ದೇವಿ, ಮೂರನೆಯ ಮಹಡಿ, ಲಿಫ್ಟು ಕೆಟ್ಟಿತ್ತು,
ಮೊಣಕಾಲಿಗೆ ಸಮಾಧಾನ ಹೇಳುತ್ತ ಹತ್ತಿದೆ.
ಸೊಸೆ ಚಹಾ ಕೊಟ್ಟಳು:
ಸೋಮವಾರ ಮ್ಯೂಸಿಯಮ್ಮಿನವರು ಬರುತ್ತಾರೆ, ಆಂಟಿ.
ಮಾವನ ಅಕ್ಷರ ಓದಬಲ್ಲವರು
ನೀವೊಬ್ಬರೇ ಉಳಿದಿರುವುದು.

ನಿಜ. ಕಾಗೆ ಕಾಲು ಗುಬ್ಬಿ ಕಾಲು.
ಪತ್ರಿಕೆಯ ಆಫೀಸಿನಲ್ಲಿ ಹದಿನೇಳು ವರ್ಷ
ಅದನ್ನು ಬೆರಳಲ್ಲೇ ಓದಿದವಳು ನಾನು.

ಡೈರಿಯಲ್ಲಿ ಕಲೆ ಕಡಿಮೆ.
ಹಲ್ಲುನೋವು. ಬಾಡಿಗೆ. ಯಾರದೋ ಪಾರ್ಟಿಯಲ್ಲಿ ಮೀನು ಹಳಸಿತ್ತು.
'ಇವತ್ತು ನಾಲ್ಕು ಪ್ರದರ್ಶನ, ಒಂದೂ ಚಿತ್ರವಿಲ್ಲ.'
'ಫಡ್ತರೆ ಎದುರಾದ. ಮಾತಾಡಲಿಲ್ಲ.
ತಪ್ಪು ನನ್ನದೇ, ಅಂಕಣದಲ್ಲಿ ಬರೆಯಲಾರೆ.'
ಒಂದು ಆಗಸ್ಟ್ ಪೂರ್ತಿ ಖಾಲಿ.
ಆಗ ಅವರ ಹೆಂಡತಿ ಆಸ್ಪತ್ರೆಯಲ್ಲಿದ್ದರು,
ಟಿಫಿನ್ ಡಬ್ಬಿ ನಾನೇ ಒಯ್ದಿದ್ದೆ.

ಕಾಗದಗಳು ಬಿಸ್ಕತ್ತಿನ ಡಬ್ಬಿಗಳಲ್ಲಿ.
ಹೊಗಳಿದವರದು ಒಂದರಲ್ಲಿ, ಬಯ್ದವರದು ಇನ್ನೊಂದರಲ್ಲಿ,
ಸಾಲ ಕೇಳಿದವರದು ಎರಡರಲ್ಲೂ.
ಪುಣೆಯಿಂದ ಒಬ್ಬ ಬರೆದಿದ್ದಾನೆ:
'ನನ್ನ ಕುದುರೆಗಳನ್ನು ಟಾಂಗಾದ ಕುದುರೆಗಳು ಅಂದಿರಿ.
ಟಾಂಗಾದವೇ ಸ್ವಾಮಿ. ಅಪ್ಪ ಓಡಿಸುತ್ತಿದ್ದ.'
ಇದರ ಉತ್ತರದ ಕಾರ್ಬನ್ ಪ್ರತಿ ಸಿಗುವುದಿಲ್ಲ.
ಉತ್ತರವೇ ಹೋಗಲಿಲ್ಲ. ಮೂರು ಸಲ ನೆನಪಿಸಿದ್ದೆ.

ಆಮೇಲೆ ಲಿಗೋರಿಯೊ ಬಾರೆಟ್ಟೊ.
ಗೋವೆ, ದಿವಾಡಿ ದ್ವೀಪ, ಅಂಚೆಯೂ ಫೆರಿ ಹತ್ತಿ ಬರುವ ಊರು.
ಇಪ್ಪತ್ತೆರಡು ವರ್ಷ, ಕ್ರಿಸ್ಮಸ್ಸಿಗೊಂದು ಕಾಗದ,
ಮನೆಯ ವಿಳಾಸಕ್ಕೆ ಬಂದವು, ನಾನು ಕಂಡಿರಲಿಲ್ಲ.
ಅಂಚಿನಲ್ಲಿ ಏನಾದರೂ ಗೀಚಿರುತ್ತಾನೆ:
ಏಡಿ, ಪಾದ್ರಿಯ ಕೊಡೆ, ನೆರೆಮನೆಯ ಹಂದಿ.
ಕೊನೆಗೆ ಪ್ರತಿ ಸಲವೂ ಅದೇ ಸಾಲು:
'ಆ ಹಳದಿಯನ್ನು ನೋಡಿದವರು ನೀವೊಬ್ಬರೇ.'

ಎಪ್ಪತ್ತನಾಲ್ಕರ ಡೈರಿ ತೆಗೆದೆ. ಜುಲೈ ಒಂಬತ್ತು.
'ಮಳೆ. ಬಾರೆಟ್ಟೊ ಪ್ರದರ್ಶನಕ್ಕೆ ಹೋಗಲಾಗಲಿಲ್ಲ.
ಸಂಜೆಯೊಳಗೆ ಆರುನೂರು ಪದ ಬೇಕು.
ಕ್ಯಾಟಲಾಗು ಇದೆ. ಟೈಪಿಸ್ಟ್ ಹೋಗಿದ್ದಳಂತೆ.'

ಹೋಗಿದ್ದೆ. ಕಿತ್ತ ಚಪ್ಪಲಿ ಕೈಯಲ್ಲಿ ಹಿಡಿದು,
ಊಟದ ಬಿಡುವಿನಲ್ಲಿ, ಕಾಲಾಘೋಡಾದ ಬೀದಿಯಲ್ಲಿ
ದುಡ್ಡು ಕೇಳದ, ಸೋರದ ಜಾಗ ಅದೊಂದೇ ಎಂದು.
ಬಾಗಿಲ ಬಳಿ ಸ್ಟೂಲಿನ ಮೇಲೆ ಒಬ್ಬ ತೆಳ್ಳನೆಯವ
ಬಟಾಟೆ ವಡೆ ತಿನ್ನುತ್ತಿದ್ದವನು
ನನ್ನನ್ನು ನೋಡಿ ಎದ್ದು ನಿಂತ.
ಅಲ್ಲಿಯತನಕ ನನ್ನನ್ನು ನೋಡಿ ಯಾರೂ ಎದ್ದು ನಿಂತಿರಲಿಲ್ಲ.

ಸಂಜೆ ಉಭಯಕರರು ಕೇಳಿದರು: ಏನು ಕಂಡಿತು, ವಾರಿಜಾ?
ಬಣ್ಣಗಳ ಹೆಸರು ನನಗೆಷ್ಟು ಗೊತ್ತು?
ಎಲ್ಲ ಕೆಸರು ಕೆಸರು ಸರ್, ಒಂದರ ಮೂಲೆಯಲ್ಲಿ ಮಾತ್ರ
ಬಾಣಂತಿಗೆ ಅರಿಸಿನ ಅರೆದ ಕಲ್ಲಿನಲ್ಲಿ
ಎಷ್ಟು ತೊಳೆದರೂ ಉಳಿಯುತ್ತದಲ್ಲ, ಆ ಹಳದಿ, ಅಂದೆ.
ಪೆನ್ನಿನ ಮುಚ್ಚಳ ಕಚ್ಚಿಕೊಂಡು ಕಿಟಕಿ ನೋಡಿದರು.
ಆಮೇಲೆ ಹೇಳಿ ಬರೆಸಿದರು, ಇಂಗ್ಲಿಷಿನಲ್ಲಿ,
ಕಲ್ಲು, ನೀರು, ಉಳಿದದ್ದು.
ನನ್ನ ಮಾತನ್ನೇ ನಾನು ಟೈಪು ಮಾಡಿದೆ.
ಕೋಟು ತೊಟ್ಟು ಬಂದ ತಮ್ಮನ ಹಾಗೆ
ಗುರುತು ಹತ್ತಿತು, ಹತ್ತಲಿಲ್ಲ.

ಕೊನೆಯ ಡೈರಿಯಲ್ಲಿ, ನಡುಗುವ ಕೈ:
'ದಿವಾಡಿಯಿಂದ ತಂಗಿಯ ಕಾಗದ. ಬಾರೆಟ್ಟೊ ಹೋದ.
ಹೇಳಬೇಕಿತ್ತು.'
ಯಾರಿಗೆ, ಬರೆದಿಲ್ಲ.
ಮರುದಿನ ಹಾಲಿನ ಲೆಕ್ಕ.

ಜುಲೈ ಒಂಬತ್ತು ಇನ್ನೂ ತೊಡೆಯ ಮೇಲೆ ತೆರೆದೇ ಇತ್ತು.
ಸೊಸೆ ಕಪ್ಪು ತೆಗೆಯುತ್ತ ಬಗ್ಗಿದಳು:
ಇಲ್ಲೇನು ಬರೆದಿದ್ದಾರೆ, ಆಂಟಿ?
ನಾಲ್ಕನೆಯ ಸಾಲಿನ ಮೇಲೆ ನನ್ನ ಬೆರಳಿತ್ತು.

ಮಳೆ, ಅಂದೆ.
ಅವತ್ತು ಜೋರು ಮಳೆ ಇತ್ತಂತೆ.